ಎಂಬತ್ತು ಸಾವಿರದ ಒಳಗೆ

ಚಳ್ಳಕೆರೆಯ ಬೆಳಗಿಗೆ ಒಂದು ವಾಸನೆ ಇದೆ. ಮಿಲ್ಲಿನಿಂದ ಆಗಷ್ಟೇ ಹೊರಬಿದ್ದ, ಇನ್ನೂ ಬಿಸಿಯಾರದ ಶೇಂಗಾ ಹಿಂಡಿಯ ವಾಸನೆ. ಬಸ್ಸಿನಲ್ಲಿ ತೂಕಡಿಸುತ್ತಿದ್ದವರಿಗೆ ಊರು ಬಂತೆಂದು ಕಂಡಕ್ಟರಿಗಿಂತ ಮೊದಲು ಹೇಳುವುದು ಅವರ ಮೂಗು. ಎಣ್ಣೆ ನಗರ ಎಂದು ಹೆಸರು ಮಾಡಿದ ಊರಿನಲ್ಲಿ ಈಗ ಎಷ್ಟೋ ಮಿಲ್ಲುಗಳು ಬಾಗಿಲು ಹಾಕಿವೆ. ಉಳಿದವು ಆ ವಾಸನೆಯ ಮರ್ಯಾದೆ ಕಾಯುವಷ್ಟು ಅರೆಯುತ್ತಿವೆ.

2024ರ ಜನವರಿ. ನಮ್ಮ ಸಣ್ಣ ಮಾವ ಮಂಡಿಯ ಗದ್ದಿಗೆಯ ಮೇಲೆ ಕಾಲು ಮಡಚಿ ಕೂತಿದ್ದರು. ಮುಂದೆ ಹಮಾಲರು ಚೀಲ ಸುರಿಯುತ್ತಿದ್ದರು, ಕಾಯಿ ಝರ್ರೆಂದು ರಾಶಿಯಾಗುತ್ತಿತ್ತು. ಮಾವ ಒಂದು ಮುಷ್ಟಿ ಎತ್ತಿ, ಎರಡು ಕಾಯಿ ಒಡೆದು, ಬೀಜ ಬಾಯಿಗೆ ಹಾಕಿ, ದರ ಹೇಳಿ, ಕೈ ಒರೆಸಿಕೊಂಡು ಗಲ್ಲಾಪೆಟ್ಟಿಗೆಯ ಅಡಿಯಿಂದ ಒಂದು ಪುಸ್ತಕ ತೆಗೆದು ನನ್ನ ಕೈಗಿಟ್ಟರು. ಬಂದೂಕು ಲೈಸೆನ್ಸು. ಲಕ್ಷ್ಮೀ ಪಟಕ್ಕೆ ಹಚ್ಚಿದ ಕುಂಕುಮ ಅದರ ಮೂಲೆಗೂ ತಾಗಿತ್ತು.

"ಒಂದೂವರೆ ವರ್ಷ ತಿರುಗಿದೀನಿ ಕಣೋ ಇದಕ್ಕೆ. ಈಗ ಒಳಗಿಡೋ ವಸ್ತು ತರಬೇಕು. ನೀನು ಓದಿದೋನು, ಯಾವುದು ತಗಳಾದು ಹೇಳು. ಎಂಬತ್ತು ಸಾವಿರದ ಮೇಲೆ ಒಂದು ಪೈಸೆ ಇಲ್ಲ."

ಒಂದೂವರೆ ವರ್ಷದಲ್ಲಿ ಏನೇನಾಗಿತ್ತೆಂದು ನನಗೆ ಗೊತ್ತಿತ್ತು. ಸುಗ್ಗಿಯಲ್ಲಿ ರೈತರಿಗೆ ಕೊಡುವ ನಗದು ತರಲು ಬ್ಯಾಂಕಿಗೆ ಹೋಗಿ ಬರುವ ಮನುಷ್ಯ. ಒಂದು ಸಂಜೆ ಎರಡು ಬೈಕುಗಳು ಊರಾಚೆಯಿಂದ ಗೋದಾಮಿನ ತನಕ ಹಿಂದೆಯೇ ಬಂದವು. ಏನೂ ಆಗಲಿಲ್ಲ. ಬಹುಶಃ ಅವರೂ ಯಾರೋ ಊರಿಗೆ ಹೋಗುವವರೇ ಇರಬಹುದು. ಆದರೆ ಮಾವನ ನಿದ್ದೆ ಹೋಯಿತು. ಚಿತ್ರದುರ್ಗದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹೋಯಿತು, ಪೊಲೀಸರು ಮನೆಗೆ ಬಂದು ವಿಚಾರಿಸಿದರು, ಪಕ್ಕದ ಮನೆಯವರನ್ನೂ ಕೇಳಿದರು. ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಮಾವ ಪಂಚೆ ಬಿಟ್ಟು ಪ್ಯಾಂಟು ಹಾಕಿ ಹೋದರು. ಐವತ್ತೆಂಟನೇ ವಯಸ್ಸಿನಲ್ಲಿ ನೆಲದ ಮೇಲೆ ಬೋರಲು ಮಲಗಿ ರೈಫಲ್ ಹಿಡಿದು ಐದು ಗುಂಡು ಹೊಡೆದರು. ಎರಡು ಬೋರ್ಡಿಗೇ ತಾಗಲಿಲ್ಲ. ಆ ಎರಡರ ವಿಷಯ ಅತ್ತೆಗೆ ಇವತ್ತಿಗೂ ಗೊತ್ತಿಲ್ಲ.

ಅಂಗಡಿಗೆ ಹೋಗುವ ಮೊದಲು ಮಾವನಿಗೆ ಒಬ್ಬರ ಅಭಿಪ್ರಾಯ ಬೇಕಿತ್ತು. ಮೊಳಕಾಲ್ಮೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಅವರಿಗೆ ಮೂವತ್ತು ವರ್ಷದಿಂದ ಶೇಂಗಾ ಹಾಕುವ ಯಜಮಾನರೊಬ್ಬರಿದ್ದಾರೆ. ಮಾವನಿಗೆ ಗೊತ್ತಿರುವವರ ಪೈಕಿ ಲೈಸೆನ್ಸ್ ಇಟ್ಟುಕೊಂಡು ಬಾಳಿದವರು ಅವರೊಬ್ಬರೇ. ಬಳ್ಳಾರಿ ಹೆದ್ದಾರಿಯಲ್ಲಿ ಹೊರಟೆವು. ಎಡಬಲಕ್ಕೆ ಕೆಂಪು ನೆಲ, ಜಾಲಿ, ಕುರಿಮಂದೆ, ಹೆಗಲ ಮೇಲೆ ಕರಿ ಕಂಬಳಿ. ವರ್ಷಕ್ಕೆ ಐನೂರು ಮಿಲಿಮೀಟರ್ ಮಳೆ ಬಂದರೆ ಹಬ್ಬ ಮಾಡುವ ಸೀಮೆ ಇದು. ತಳುಕು ದಾಟಿತು. ತರಾಸು ಅವರ ಊರು. ದುರ್ಗದ ಪಾಳೆಯಗಾರರ ಕತ್ತಿ, ಕೋವಿ, ಮದ್ದುಗುಂಡುಗಳನ್ನೆಲ್ಲ ಕಾದಂಬರಿಗೆ ತುಂಬಿದ ಮನುಷ್ಯನ ಮನೆತನ ಈ ಒಣಗಾಳಿಯದೇ. ಹಾನಗಲ್ಲಿನ ಬಳಿ ಬಲಕ್ಕೆ ತಿರುಗಿದರೆ ಬಂಡೆಗಳು ಶುರು. ಯಾರೋ ಒಂದರ ಮೇಲೊಂದು ಪೇರಿಸಿಟ್ಟು ಮರೆತು ಹೋದಂಥ ಗುಡ್ಡಗಳು. ಕರಡಿಗಳ ಮನೆ. ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಶಾಸನವಿದೆ. ತಾಯಿತಂದೆಯರ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ ಎಂಬ ಅರ್ಥದ್ದು. ಕೆತ್ತಿದ ಚಪಡ ಎಂಬ ಲಿಪಿಕಾರ ತನ್ನ ಕಸುಬಿನ ಹೆಸರನ್ನು ಮಾತ್ರ ದೂರದ ಖರೋಷ್ಠಿ ಲಿಪಿಯಲ್ಲಿ ಕೊರೆದು ಹೋಗಿದ್ದಾನೆ. ಕಾರು ಆ ಕಡೆ ತಿರುಗಲಿಲ್ಲ. ರಿವಾಲ್ವರ್ ವಿಚಾರಿಸಲು ಹೊರಟವರು ಅಶೋಕನ ಬಾಗಿಲು ತಟ್ಟುವುದು ಚೆನ್ನಾಗಿರುವುದಿಲ್ಲ ಅಂತ ನನಗೂ ಅನ್ನಿಸಿತು.

ಹಟ್ಟಿ ಮ್ಯಾಸಬೇಡರದು. ಕೋಳಿ ತಿನ್ನದ, ಕೋಳಿ ಸಾಕದ ಕಟ್ಟು. ಹಾಗಾಗಿ ಬೆಳಿಗ್ಗೆ ಕೂಗುವುದು ಪಕ್ಕದ ಊರಿನ ಹುಂಜ. ಯಜಮಾನರು ಬೇವಿನ ಮರದ ಕೆಳಗೆ ಹಗ್ಗ ಹೊಸೆಯುತ್ತಿದ್ದರು. ಮಾವ ವಿಷಯ ಹೇಳಿದ್ದೇ ತಡ, ಒಳಗಿನಿಂದ ಗೋಣಿಯಲ್ಲಿ ಸುತ್ತಿದ ಕೋವಿ ಬಂತು. ಒಂಟಿ ನಳಿಗೆಯ ಕೇಪಿನ ಕೋವಿ. ನಿಲ್ಲಿಸಿದರೆ ನನ್ನ ಭುಜಕ್ಕೆ ಬರುತ್ತದೆ. ಹಿಡಿಯ ಮರ ಮೂರು ತಲೆಮಾರಿನ ಅಂಗೈ ಎಣ್ಣೆ ಕುಡಿದು ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬೆಳೆ ರಕ್ಷಣೆಗೆಂದು ಅವರ ಅಪ್ಪನ ಕಾಲದಲ್ಲಿ ಸಿಕ್ಕ ಲೈಸೆನ್ಸು.

"ಇದರಾಗೆ ಎಷ್ಟು ಹಂದಿ ಹೊಡ್ದಿರಿ ತಾತ?" ಎಂದೆ.

"ಒಂದೂ ಇಲ್ಲಪ್ಪ. ಮ್ಯಾಲಕ್ಕೆ ಹೊಡಿಯಾದು. ಢಂ ಅಂದ್ರೆ ಹಂದಿ ಓಡ್ತಾವೆ, ಕರಡಿ ಓಡ್ತಾವೆ. ಓಡಿದ್ರೆ ಸಾಕಲ್ಲ, ನಮಗ್ಯಾಕೆ ಅದರ ಪಾಪ." ಆಮೇಲೆ ಸ್ವಲ್ಪ ತಡೆದು, "ಕೊಡಗಿನಾಗೆ ಲೈಸನ್ನೇ ಬ್ಯಾಡಂತೆ, ನಿಜಾನ?"

ನಿಜ ಎಂದೆ. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ತನಕ ಮುಂದುವರಿಸಿದೆ. ಯಜಮಾನರು ಹಗ್ಗದ ಕಡೆ ನೋಡಿಕೊಂಡು ನಕ್ಕರು. ಬೇಡರಿಗೂ ಆಯುಧ ಕಾಯ್ದೆಗೂ ಇರುವ ಸಂಬಂಧ ಬೇರೆಯದೇ. ಇಲ್ಲಿಂದ ಬಹು ದೂರ, ಮುಧೋಳದ ಸೀಮೆಯ ಹಲಗಲಿಯಲ್ಲಿ 1857ರ ನವೆಂಬರಿನಲ್ಲಿ ಬೇಡರು ದಂಗೆ ಎದ್ದದ್ದು ಹತಾರ ಒಪ್ಪಿಸಿ ಎಂಬ ಹುಕುಮಿಗೆ. ಊರನ್ನೇ ಸುಟ್ಟರು. ಆ ದಂಗೆಯ ಲಾವಣಿಯನ್ನು ಶಾಲೆಯಲ್ಲಿ ಓದಿದ್ದೇವೆ. ಈ ಹಟ್ಟಿಯವರಿಗೆ ಲಾವಣಿ ಗೊತ್ತಿಲ್ಲ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಕೊಟ್ಟು ಚೀಟಿ ತರುವುದು ಗೊತ್ತು.

ಮಾವ ತಮ್ಮ ಪ್ರಶ್ನೆಗೆ ಮರಳಿದರು. ರಿವಾಲ್ವರ್ ಹೆಂಗೆ?

"ಕೋವಿ ಅಂದ್ರೆ ಉದ್ದ ಇರಬೇಕು ಸಾವ್ಕಾರ್ರೆ. ಇಂಥೋನ ಮನೆಯಾಗೆ ಐತೆ ಅಂತ ಊರಿಗೆ ಗೊತ್ತಿರಬೇಕು. ಜೇಬಲ್ಲಿ ಮುಚ್ಚಿಟ್ಕಂಡಿದ್ದು ಯಾರಿಗೆ ಕಾಣ್ತೈತೆ? ಅದು ಹೆದ್ರಿಸಾದು ಇಟ್ಕಂಡೋನ್ನೇ."

ವಾಪಸು ಬರುವಾಗ ಮಾವ ಮಾತಾಡಲಿಲ್ಲ. ಆದರೂ ಮುಂದಿನ ವಾರ ನಾವು ಬೆಂಗಳೂರಿನ ಒಂದು ಗನ್ ಹೌಸಿನಲ್ಲಿದ್ದೆವು.

ಅಂಗಡಿ ಎಂದರೆ ಸಿನಿಮಾದಲ್ಲಿ ಕಂಡಂತೆ ಏನೂ ಇಲ್ಲ. ಹಳೆಯ ಚಿನ್ನದಂಗಡಿಯ ಹಾಗೆ ಕಬ್ಬಿಣದ ಜಾಲರಿ, ಟ್ಯೂಬ್‌ಲೈಟು, ದಪ್ಪ ರಿಜಿಸ್ಟರುಗಳು, ಯಂತ್ರಕ್ಕೆ ಬಿಡುವ ಎಣ್ಣೆಯ ತೆಳು ವಾಸನೆ. ಗೋಡೆಗೆ ಒರಗಿಸಿದ್ದ ಕೋವಿಗಳಲ್ಲಿ ಅರ್ಧಕ್ಕರ್ಧ ಮಾರಾಟಕ್ಕಲ್ಲ, ಠೇವಣಿ. ಲೈಸೆನ್ಸ್ ಇದ್ದ ಅಜ್ಜ ತೀರಿಕೊಂಡ, ಮೊಮ್ಮಕ್ಕಳಿಗೆ ಬೇಡ. ಮನೆಯಲ್ಲಿಟ್ಟುಕೊಂಡರೆ ಅಪರಾಧ, ಬಿಸಾಕುವಂತಿಲ್ಲ. ಅಂಗಡಿಯಲ್ಲಿಟ್ಟು ಬಾಡಿಗೆ ಕಟ್ಟುತ್ತಾರೆ. ಒಂದೊಂದರ ಕುತ್ತಿಗೆಗೂ ದಾರ ಕಟ್ಟಿದ ಚೀಟಿ.

ಅಂಗಡಿಯವರು ಮಾವನ ಲೈಸೆನ್ಸನ್ನು ಮೊದಲ ಪುಟದಿಂದ ಕೊನೆಯ ತನಕ ಓದಿದರು, ಆಮೇಲೆ ಮಾತು. ಪೊಲೀಸ್, ಮಿಲಿಟರಿಯ .38, .455 ನಿಷೇಧಿತ ಬೋರು, ನಾಗರಿಕರಿಗೆ ಇಲ್ಲ. ಉಳಿದದ್ದು .32 ಮತ್ತು .22. ವಿದೇಶದ್ದು ಬೇಕೆಂದರೆ, ಎಂಬತ್ತರ ದಶಕದ ನಡುವಿನಿಂದ ಹೊರಗಿನ ಮಾಲು ಬರುವುದೇ ನಿಂತಿದೆ. ಆಗ ಬಂದ ವೆಬ್ಲಿ, ಸ್ಮಿತ್ ಅಂಡ್ ವೆಸನ್‌ಗಳೇ ಕೈಯಿಂದ ಕೈಗೆ ತಿರುಗುತ್ತಾ ಲಕ್ಷಗಳನ್ನು ಮೈಗೂಡಿಸಿಕೊಂಡಿವೆ. ಹಳೆಯದಾದಷ್ಟೂ ಬೆಲೆ ಏರುವುದು ಕೇಳಿ ಮಾವನಿಗೆ ಆಶ್ಚರ್ಯ. ಅವರ ಮಂಡಿಯಲ್ಲಿ ಹಳೆಯದಾದದ್ದಕ್ಕೆ ಹುಳು ಬೀಳುತ್ತದೆ.

ಹೊಸದರಲ್ಲಿ ಮೊದಲು ಮೇಜಿಗೆ ಬಂದದ್ದು ಕಾನ್ಪುರದ ನಿರ್ಭೀಕ್. ದೆಹಲಿಯಲ್ಲಿ ಅತ್ಯಾಚಾರಕ್ಕೆ ಬಲಿಯಾದ ನಿರ್ಭಯಾಳ ನೆನಪಿಗೆ 2014ರಲ್ಲಿ ಹೊರಬಂದದ್ದು, ಟೈಟಾನಿಯಂ ಮಿಶ್ರಲೋಹದ ಮೈ. ಮಾವ ಅಂಗೈಯಲ್ಲಿಟ್ಟು ಎರಡು ಸಲ ಮೇಲೆಕೆಳಗೆ ಮಾಡಿ "ಅರ್ಧ ಕೇಜಿ" ಎಂದರು. ಅಂಗಡಿಯವರು ಬೆಚ್ಚಿದರು: ಸರಿಯಾಗಿ ಐನೂರು ಗ್ರಾಂ. ಬಿಡುಗಡೆಯಾದಾಗಲೇ ಅದರ ಬೆಲೆ 1,22,360 ರೂಪಾಯಿ. ಹೆಣ್ಣುಮಕ್ಕಳ ರಕ್ಷಣೆಗೆಂದು ಮಾಡಿದ ವಸ್ತುವಿನ ಬೆಲೆ ಈ ದೇಶದ ಎಷ್ಟು ಹೆಣ್ಣುಮಕ್ಕಳ ವರ್ಷದ ದುಡಿಮೆ ಎಂಬ ಲೆಕ್ಕವನ್ನು ಅದಕ್ಕೆ ಹೆಸರಿಟ್ಟವರು ಹಾಕಿರಲಿಕ್ಕಿಲ್ಲ. ಉತ್ತರ ಪ್ರದೇಶದ ಸಂಡೀಲಾದಲ್ಲಿ ಈಗ ತಯಾರಾಗುವ ವೆಬ್ಲಿ ಅಂಡ್ ಸ್ಕಾಟ್ ಅದಕ್ಕೂ ಮೇಲೆ. 2023ರಲ್ಲಿ ಬಂದ ಪ್ರಬಲ್, ಐವತ್ತು ಮೀಟರ್ ತನಕ ಗುಂಡು ಹೋಗುತ್ತದೆ ಎಂದರು. "ನಮ್ಮ ಮಂಡಿನೇ ಅಷ್ಟುದ್ದ ಇಲ್ಲ," ಎಂದು ಮಾವ ಅದನ್ನು ಮುಟ್ಟಲೂ ಇಲ್ಲ.

ಅಗ್ಗದ್ದು ಒಂದಿತ್ತು. ಈಶಾಪುರದ ನಿಡರ್, .22 ಬೋರು, ಇನ್ನೂರೈವತ್ತು ಗ್ರಾಂ, ಎಂಟು ಗುಂಡು, ಮೂಲಬೆಲೆ ಮೂವತ್ತೈದು ಸಾವಿರ. ಆಗಿನ ಶೇ 28ರ ಜಿಎಸ್‌ಟಿ ಸೇರಿಸಿದರೂ ನಲವತ್ತೈದರ ಒಳಗೆ. ಗುಂಡೂ ಸೋವಿ. ಬಡವರ ಲೆಕ್ಕಕ್ಕೆ ಹೊಂದುವುದು ಅದೊಂದೇ. ಆದರೆ ಅಂಗಡಿಯಲ್ಲಿ ಮಾಲಿರಲಿಲ್ಲ, ಮಾವನಿಗೆ ಮನಸ್ಸೂ ಇರಲಿಲ್ಲ. ಇನ್ನೂರೈವತ್ತು ಗ್ರಾಂ ಎಂದರೆ ಅರ್ಧ ಸೇರು ಅಕ್ಕಿಯೂ ಆಗುವುದಿಲ್ಲ ಎಂಬುದು ಅವರ ವಾದ. ನನ್ನನ್ನು ಕೇಳಿದ್ದರೆ ಅದಕ್ಕೇ ಕಾಯಿರಿ ಎನ್ನುತ್ತಿದ್ದೆ. ಕೇಳಲಿಲ್ಲ.

ಕೊನೆಗೆ ಒಳಗಿನಿಂದ ಬಂತು, ಮಾಸಿದ ಹಳದಿ ಬಟ್ಟೆಯಲ್ಲಿ, ಕಾನ್ಪುರದ ಹಳೆ ಮಾದರಿಯ .32, ಸೆಕೆಂಡ್ ಹ್ಯಾಂಡ್. ತೀರಿಹೋದ ಯಾರೋ ಹಿರಿಯರದು. ವಾರಸುದಾರರು ಕಾನೂನು ಪ್ರಕಾರ ಮಾರಲು ಬಿಟ್ಟದ್ದು. ಅಂಗಡಿಯವರು ಕುದುರೆಯ ಪಕ್ಕದ ಚಿಲಕ ಒತ್ತಿದರು. ನಳಿಗೆ ಬಾಗಿಲಿನ ಹಾಗೆ ಮುಂದಕ್ಕೆ ಮುರಿದು ಬಾಗಿತು, ಆರು ಮನೆಯ ಉರುಳೆ ಆಕಾಶ ನೋಡಿತು, ನಡುವಿನಿಂದ ನಕ್ಷತ್ರದಂಥ ತಗಡು ಮೇಲೆದ್ದಿತು. ಎರಡನೇ ಮಹಾಯುದ್ಧದ ಕಾಲದ ವೆಬ್ಲಿಯ ವಂಶ ಎನ್ನುವುದು ಆ ಬಾಗುವಿಕೆಯಲ್ಲೇ ಇದೆ.

ಹಳೆಯದನ್ನು ಕೊಳ್ಳುವವರು ನೋಡಬೇಕಾದದ್ದನ್ನು ಆ ಮನುಷ್ಯ ಮುಚ್ಚುಮರೆಯಿಲ್ಲದೆ ತೋರಿಸಿದರು. ಬಾಗಿದ ನಳಿಗೆಯ ಬುಡಕ್ಕೆ ಬಿಳಿ ಕಾಗದ ಹಿಡಿದು ಒಳಗೆ ನೋಡಿ: ಸುರುಳಿ ಗೀರುಗಳು ಹೊಳೆಯಬೇಕು, ಸಿಡುಬಿನಂಥ ಕಲೆ ಇದ್ದರೆ ತುಕ್ಕು ತಿಂದಿದೆ. ಮುಚ್ಚಿದ ಮೇಲೆ ನಳಿಗೆಯನ್ನು ಅಲ್ಲಾಡಿಸಿ: ಚಿಲಕ ಸಡಿಲವಾಗಿದ್ದರೆ ಬೇಡ, ಎಷ್ಟೇ ಕಮ್ಮಿಯಾದರೂ ಬೇಡ. ಕುದುರೆ ಎಳೆದು ಹಿಡಿದು ಉರುಳೆಯನ್ನು ಬೆರಳಲ್ಲಿ ತಿರುಗಿಸಲು ನೋಡಿ: ಆರೂ ಮನೆ ನಳಿಗೆಗೆ ನೇರ ನಿಂತು ಗಟ್ಟಿಯಾಗಿ ಕಚ್ಚಬೇಕು. ಮೈಮೇಲಿನ ನಂಬರು ಕಾಗದದ ನಂಬರಿಗೆ ಅಂಕಿ ಅಂಕಿ ಕೂಡಬೇಕು. ಮಾವ ದನದ ಸಂತೆಯಲ್ಲಿ ಹಲ್ಲು ನೋಡುವವರಂತೆ ಬಗ್ಗಿ ಎಲ್ಲವನ್ನೂ ನೋಡಿದರು. ಅಂಗೈಯಲ್ಲಿ ತೂಗಿ "ಏಳ್ನೂರು" ಎಂದರು. ಬೆಲೆ ಎಪ್ಪತ್ತೆಂಟಕ್ಕೆ ಶುರುವಾಗಿ ಎಪ್ಪತ್ನಾಲ್ಕಕ್ಕೆ ನಿಂತಿತು. ಉಳಿದ ದುಡ್ಡಿನಲ್ಲಿ ಹತ್ತು ಗುಂಡು, ಒಂದು ಚರ್ಮದ ಚೀಲ. ತೋಟಾದ ಹಿಂಬದಿಯಲ್ಲಿ ಖಡ್ಕಿ ಕಾರ್ಖಾನೆಯ ಕೆ.ಎಫ್. ಅಕ್ಷರ. ಲೈಸೆನ್ಸಿನಲ್ಲಿ ಎಲ್ಲ ಬರೆಸಿಕೊಂಡು ಹೊರಗೆ ಬಂದಾಗ ಮಾವನ ಕೈ ಸಣ್ಣಗೆ ನಡುಗುತ್ತಿತ್ತು. ಎಳನೀರು ಕುಡಿದೆವು.

ಮನೆಯಲ್ಲಿ ಅತ್ತೆಯ ಮೊದಲ ಮಾತು, "ಈ ದುಡ್ಡಿಗೆ ಮೊಳಕಾಲ್ಮೂರು ಸೀರೆ ಎಷ್ಟು ಬರ್ತಿದ್ವು ಗೊತ್ತಾ?" ಎರಡನೆಯದು, "ಮೊಮ್ಮಕ್ಕಳು ಓಡಾಡೋ ಮನೆ." ಆ ಎರಡನೆಯ ಮಾತಿಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಅವರೇ ವ್ಯವಸ್ಥೆ ಮಾಡಿದರು: ರಿವಾಲ್ವರ್ ಮನೆಯ ಬೀರುವಿನ ಒಳಲಾಕರಿಗೆ, ಬೀಗದ ಕೈ ತಮ್ಮ ಸೊಂಟಕ್ಕೆ. ಗುಂಡುಗಳು ಮಂಡಿಯ ತಿಜೋರಿಗೆ, ಆ ಕೈ ಮಾವನ ಉಡಿದಾರಕ್ಕೆ. ಎರಡೂ ಒಂದಾಗಬೇಕಾದರೆ ಗಂಡಹೆಂಡತಿ ಇಬ್ಬರೂ ಒಪ್ಪಬೇಕು.

ಮಾವ ಅದನ್ನು ಸೊಂಟಕ್ಕೆ ಹಾಕಿಕೊಂಡು ಬ್ಯಾಂಕಿಗೆ ಹೋದದ್ದು ಒಂದೇ ಸಲ. ಮುಕ್ಕಾಲು ಕಿಲೋದ ಹತ್ತಿರದ ಉಕ್ಕು ಪಂಚೆಯ ಮೇಲೆ ನಿಲ್ಲುವುದಿಲ್ಲ, ಪಂಚೆಯನ್ನೂ ಕರೆದುಕೊಂಡು ಕೆಳಗಿಳಿಯುತ್ತದೆ. ಬೆಲ್ಟು ಬಿಗಿದರು. ಬೆಲ್ಟಿನ ಮೇಲೆ ಅಂಗಿ ಬಿಟ್ಟರು. ದಾರಿಯುದ್ದಕ್ಕೂ ಬಲಗೈ ಅಲ್ಲೇ. ಟೀ ಅಂಗಡಿಯಲ್ಲಿ ಪರಿಚಯದವನೊಬ್ಬ ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಹಾಕಿದ್ದಕ್ಕೆ ಬೆಚ್ಚಿ ಟೀ ಚೆಲ್ಲಿಕೊಂಡರು. ಆ ಹೊತ್ತಿಗೆ ಶೇಂಗಾ ದುಡ್ಡು ಕೇಳುವ ಹುಡುಗರು ಮೊಬೈಲಿಗೇ ಹಾಕಿ ಎನ್ನುತ್ತಿದ್ದರು. ನಗದು ತರುವುದೇ ಕಮ್ಮಿಯಾಗಿತ್ತು.

ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಯಿತು. ಠಾಣೆಯಿಂದ ಫೋನು. ಏಪ್ರಿಲ್ 26ಕ್ಕೆ ನಮ್ಮಲ್ಲಿ ಮತದಾನ, ಜೂನ್ 4ಕ್ಕೆ ಎಣಿಕೆ, ಅಲ್ಲಿಯವರೆಗೆ ಠೇವಣಿ. ನಾನೂ ಜೊತೆಗೆ ಹೋದೆ. ನೀರಿನ ಡ್ರಮ್ಮಿನ ಪಕ್ಕ ಬೆಂಚಿನ ಮೇಲೆ ಹತ್ತು ಹನ್ನೆರಡು ಜನ, ಎಲ್ಲರ ಮಂಡಿಯ ನಡುವೆ ಉದ್ದನೆಯ ಗೋಣಿ ಗಂಟು. ಮಾವ ಒಬ್ಬರೇ ಕೈಚೀಲದವರು. ರೈಟರು ನಂಬರು ಬರೆದುಕೊಂಡು, ಉರುಳೆ ಖಾಲಿ ಇದೆಯೇ ನೋಡಿ, ದಾರ ಕಟ್ಟಿ ಚೀಟಿ ಕೊಟ್ಟರು. ಕೊಟ್ಟ ಮೇಲೆ ಮಾವನ ನಡಿಗೆ ಹಗುರಾದದ್ದನ್ನು ನಾನು ನೋಡಿದೆ.

ಅದೇ ವಾರ ಮೊಳಕಾಲ್ಮೂರಿಗೆ ಹೋದೆವು, ಅತ್ತೆಗೆ ಮಾತು ಕೊಟ್ಟಿದ್ದ ಸೀರೆಗೆ. ಮಗ್ಗದ ಮನೆಯಿಂದ ಹಟ್ಟಿಗೆ. ಯಜಮಾನರ ಬೋರ್‌ವೆಲ್ ಶೇಂಗಾ ಹಸಿರಾಗಿ ನಿಂತಿತ್ತು, ಕಾಯಿಗೆ ಬಂದಿತ್ತು. ಕೋವಿ ಅವರದೂ ಠಾಣೆಯಲ್ಲಿ.

"ಹಂದಿಗೆ?" ಎಂದರು ಮಾವ.

ಯಜಮಾನರು ಅಟ್ಟಣೆ ತೋರಿಸಿದರು. ಅದರ ಕಂಬಕ್ಕೆ ತಂತಿಯಲ್ಲಿ ಒಂದು ಹದಿನೈದು ಕೇಜಿ ಎಣ್ಣೆ ಡಬ್ಬ ನೇತಾಡುತ್ತಿತ್ತು, ಖಾಲಿ, ಒಂದು ಪಕ್ಕ ನುಗ್ಗಾಗಿದ್ದು, ಮೇಲೆ ಚಳ್ಳಕೆರೆಯ ಮಿಲ್ಲಿನ ಹೆಸರು ಅರ್ಧ ಅಳಿಸಿತ್ತು. ಕತ್ತಲಾಗುತ್ತಿತ್ತು. ಮೊಮ್ಮಗ ಮೇಲೆ ಹತ್ತಿ ಕೋಲು ತಗೊಂಡ. ಮೊದಲ ಪೆಟ್ಟಿಗೆ ಗುಡ್ಡದ ಬಂಡೆಗಳೆಲ್ಲ ಒಂದೊಂದಾಗಿ ತಿರುಗಿ ಕೂಗಿದವು.

"ನಮ್ಮ ಗೋದಾಮಿನಾಗೆ ಇನ್ನೂ ನಾಲ್ಕು ಅವೆ," ಎಂದರು ಮಾವ. "ಲಾರಿಗೆ ಹಾಕಿ ಕಳಿಸ್ತೀನಿ ಯಜಮಾನ್ರೆ."