'ಅತಿ'ಗೆ ಇಂಗ್ಲಿಷಿನವರು ಇಟ್ಟ ಹೆಸರುಗಳು

ಮಾತು ಹೆಚ್ಚಾಗಲಿ, ಖರ್ಚು ಹೆಚ್ಚಾಗಲಿ, ನಮ್ಮಲ್ಲಿ ಹೇಳಲು ಪದಗಳಿಗೇನೂ ಬರವಿಲ್ಲ. 'ಅತಿಯಾಯ್ತು', 'ಹದ್ದು ಮೀರಿತು', 'ಹಿಡಿತ ತಪ್ಪಿತು', 'ದುಂದು' ಎಂದೆಲ್ಲ ಅನ್ನುತ್ತೇವೆ. ಇಂಗ್ಲಿಷಿನವರ ಹತ್ತಿರವೂ ಇಂಥ ಪದಗಳು ರಾಶಿ ರಾಶಿ ಉಂಟು. ಮಕ್ಕಳ ಪುಸ್ತಕ, ಸೋಪಿನ ಜಾಹೀರಾತು, ಡಾಕ್ಟರ ಚೀಟಿ, ಎಲ್ಲಿ ನೋಡಿದರೂ ಕಣ್ಣಿಗೆ ಬೀಳುತ್ತವೆ. ನಾನು ಓದಿದ್ದು ಹೈಸ್ಕೂಲಿನ ತನಕ ಅಷ್ಟೇ. ಆದರೂ ಪದಗಳ ಹುಟ್ಟನ್ನು ಹೇಳುವ ನಿಘಂಟು ಹಿಡಿದು ಕೂತರೆ ಮಧ್ಯಾಹ್ನ ಸರಿದದ್ದೇ ತಿಳಿಯದು.

ಹೊಲದಿಂದ ಬಂದವನ್ನೇ ಮೊದಲು ನೋಡಿ. ಜ್ವರ ತಲೆಗೇರಿ ಬಡಬಡಿಸುವುದಕ್ಕೆ 'ಡೆಲಿರಿಯಂ' ಅನ್ನುತ್ತಾರಲ್ಲ, ಲ್ಯಾಟಿನ್ನಿನಲ್ಲಿ ಅದರ ಮೂಲ ಅರ್ಥ ನೇಗಿಲು ಸಾಲು ತಪ್ಪುವುದು! ಬೆಲೆ ವಿಪರೀತವಾದಾಗ ಹೇಳುವ 'ಎಕ್ಸಾರ್ಬಿಟೆಂಟ್' ಎಂದರೆ ಗಾಡಿ ಜಾಡು ಬಿಟ್ಟು ಹೋದದ್ದು. 'ಎಕ್ಸ್‌ಟ್ರಾವಗೆಂಟ್' ಎಂದರೆ ಗಡಿಯಾಚೆ ಅಲೆಯುವುದು. ಇನ್ನು 'ಅನ್‌ಬ್ರೈಡಲ್ಡ್' ಅಂತೂ ಪಕ್ಕಾ ನಮ್ಮದೇ, ಕಡಿವಾಣವಿಲ್ಲದ್ದು. ಕುದುರೆ ಕಟ್ಟಿದವರಿಗೆಲ್ಲ ಒಂದೇ ಮಾತು ತೋಚುತ್ತದೆ, ಅಲ್ಲವೇ?

'ಬಿಂಜ್' ಎಂಬುದು ಈಗ ಹುಡುಗರ ಬಾಯಲ್ಲಿ ದಿನಕ್ಕೆ ಹತ್ತು ಸಲ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಅದು ಮರದ ಪಾತ್ರೆಯನ್ನು ನೀರಲ್ಲಿ ನೆನೆಸುವ ಕೆಲಸದ ಹೆಸರಾಗಿತ್ತು. ನೆನೆದ ಮರ ಉಬ್ಬಿದರೆ ಬಿರುಕು ಮುಚ್ಚಿ ಸೋರುವುದಿಲ್ಲ. ಆಮೇಲೆ ಕುಡಿದು ಕುಡಿದು ನೆಂದವನಿಗೂ ಅದೇ ಮಾತಾಯಿತು, ಬರಬರುತ್ತಾ ಸಿಕ್ಕಾಪಟ್ಟೆ ತಿನ್ನುವುದಕ್ಕೂ ಬಂತು. ಧಾರಾವಾಹಿಯ ಕಂತುಗಳನ್ನು ಒಂದೇ ಉಸಿರಿಗೆ ನೋಡುವ 'ಬಿಂಜ್-ವಾಚ್' 2015ರಲ್ಲಿ ಕಾಲಿನ್ಸ್ ನಿಘಂಟಿನವರ ವರ್ಷದ ಪದವಾಯಿತು. ನೋಡುವವರು ಕೂತೇ ಇರುತ್ತಾರೆ, ಒಲೆಯ ಮೇಲಿನ ಹಾಲು ಮಾತ್ರ ಉಕ್ಕುತ್ತದೆ!

'ಲಕ್ಷುರಿ' ಎಂದು ಬರೆದರೆ ಇಂದು ಸೀರೆಗೂ ಸೋಪಿಗೂ ಬೆಲೆ ಏರುತ್ತದೆ. 14ನೇ ಶತಮಾನದ ಇಂಗ್ಲಿಷಿನಲ್ಲಿ ಅದೇ ಪದಕ್ಕೆ ಕಾಮುಕತೆ ಎಂಬ ಅರ್ಥವಿತ್ತು. ದುಡ್ಡಿದ್ದವರ ಕೈಯಲ್ಲಿ ಪಾಪವೂ ಪ್ಯಾಕೆಟ್ಟಾಗಿ ಮಾರಾಟಕ್ಕೆ ಬಂತು ಎನ್ನಿ.

ಎಲ್ಲ ಪದಕ್ಕೂ ಈ ಅದೃಷ್ಟವಿಲ್ಲ. 'ವಾಂಟನ್' ಎಂಬುದನ್ನೇ ತೆಗೆದುಕೊಳ್ಳಿ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ 'ತಿದ್ದಿ ಬೆಳೆಸದ' ಎಂಬ ಅರ್ಥ. ಹೇಳಿದ ಮಾತು ಕೇಳದ ತುಂಟ ಮಕ್ಕಳಿಗೆ ಹೇಳುತ್ತಿದ್ದ ಮಾತು ಅದು. ಆದರೆ ಕಾಲ ಕಳೆದಂತೆ ಹೆಂಗಸರಿಗೆ ಅಂಟಿಕೊಂಡು 'ನಡತೆಗೆಟ್ಟವಳು' ಎಂದಾಯಿತು. ಅಂಥದೇ ಗಂಡಸಿಗೆ 'ರೇಕ್' ಎಂದರು. ಅದೂ ಬೈಗುಳವೇ, ಆದರೆ ಅದರಲ್ಲಿ ಸ್ವಲ್ಪ ನಗು ಬೆರೆತಿದೆ. 'ಹುಡುಗ, ಏನೋ ಮಾಡ್ಕೊಂಡ' ಎನ್ನುವ ನಮ್ಮ ಹಿರಿಯರ ದನಿ ಕೇಳಿದ ಹಾಗಾಗುವುದಿಲ್ಲವೇ ನಿಮಗೆ?

ಇಷ್ಟೆಲ್ಲ ಹೇಳಲು ಹೊರಟದ್ದು ಇನ್ನೊಂದು ಪದದ ಸಲುವಾಗಿ: 'ಇನ್‌ಕಾಂಟಿನೆನ್ಸ್'. ಲ್ಯಾಟಿನ್ ಮೂಲದಲ್ಲಿ 'ಹಿಡಿದುಕೊಳ್ಳಲಾಗದ್ದು' ಎಂದರ್ಥ. ಹಿಂದೆ ಇಂಗ್ಲಿಷಿನಲ್ಲಿ ಆಸೆಯನ್ನು ಹತ್ತಿಕ್ಕಲಾರದವರನ್ನು ಹಳಿಯಲು ಇದನ್ನು ಬಳಸುತ್ತಿದ್ದರು. ಈಗ ಡಾಕ್ಟರರು ಮೂತ್ರ ತಡೆಯಲಾಗದ ತೊಂದರೆಗೆ ಹೀಗೆನ್ನುತ್ತಾರೆ. ಪದದಿಂದ ನಿಂದೆ ತೊಲಗಿತು, ನಮ್ಮ ಮನಸ್ಸಿನಿಂದ ತೊಲಗಿಲ್ಲ. ಕೆಮ್ಮಿದಾಗ, ನಕ್ಕಾಗ, ಕೊಡ ಎತ್ತಿದಾಗ ಒಂದೆರಡು ಹನಿ ಜಾರಿದರೆ ಎಷ್ಟು ಜನ ಬಾಯಿಬಿಟ್ಟು ಹೇಳುತ್ತೇವೆ? ನನ್ನ ಹತ್ತಿರದ ಬಂಧುವೊಬ್ಬರು ಇದೇ ಕಾರಣಕ್ಕೆ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟರು. ನೀರು ಕುಡಿಯುವುದನ್ನೂ ಕಡಿಮೆ ಮಾಡಿದರು. ಮನೆಯವರಿಗೆ ಮೊಣಕಾಲು ನೋವೆಂದು ಸಬೂಬು. 'ಮೈಮೇಲೆ ಹಿಡಿತವಿಲ್ಲದವಳು ಅಂದುಕೊಂಡಾರು' ಎಂಬ ಅಂಜಿಕೆ ಅವರಿಗೆ!

ಇದು ಹಿಡಿತವಿಲ್ಲದ ನಡತೆಯಲ್ಲ ತಾಯಿ, ಸಡಿಲವಾದ ಸ್ನಾಯು. ಹೆರಿಗೆ, ವಯಸ್ಸು, ಮೈಭಾರ, ಬಿಡದ ಮಲಬದ್ಧತೆ, ಹಳೆಯ ಕೆಮ್ಮು ಎಲ್ಲವೂ ಇದಕ್ಕೆ ಕಾರಣವಾಗಬಹುದು. ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಬರೆದು ಪ್ರಚಾರಕ್ಕೆ ತಂದ ವ್ಯಾಯಾಮ ಇಂದಿಗೂ ಮೊದಲ ಮದ್ದು. ಮೂತ್ರ ತಡೆಯುವಾಗ ಯಾವ ಸ್ನಾಯು ಬಿಗಿಯುತ್ತೇವೋ ಅದನ್ನೇ ಕೆಲವು ಸೆಕೆಂಡು ಬಿಗಿದು, ಅಷ್ಟೇ ಹೊತ್ತು ಸಡಿಲ ಬಿಡಬೇಕು. ಒಂದು ಸಲಕ್ಕೆ 8-10 ಬಾರಿ, ದಿನಕ್ಕೆ 3 ಸಲ, ಕಡಿಮೆಯೆಂದರೆ 3 ತಿಂಗಳು. ಉಸಿರು ಕಟ್ಟಬೇಡಿ, ಹೊಟ್ಟೆ ಬಿಗಿಯಬೇಡಿ. ಮೂತ್ರ ಮಾಡುತ್ತಿರುವಾಗಲೇ ಇದನ್ನು ಅಭ್ಯಾಸ ಮಾಡುವುದೂ ಬೇಡ. ತರಕಾರಿ ಹೆಚ್ಚುತ್ತಾ ಮಾಡಿದರೂ ಆದೀತು, ಪಕ್ಕದಲ್ಲಿ ಕೂತವರಿಗೂ ಗೊತ್ತಾಗದು.

ಉರಿ, ನೋವು, ರಕ್ತ ಕಂಡರೆ ಅಥವಾ ಗರ್ಭಕೋಶ ಕೆಳಗೆ ಜಾರಿದಂತೆ ಅನ್ನಿಸಿದರೆ ಮಾತ್ರ ವ್ಯಾಯಾಮ ನೆಚ್ಚಿ ಕೂರದೆ ಡಾಕ್ಟರ ಬಳಿಗೆ ಹೋಗಿ. ಹೇಗೆ ಶುರು ಮಾಡುವುದೆಂದು ನಾಚಿಕೆಯಾದರೆ ಇಂಗ್ಲಿಷಿನ ಆ ಉದ್ದನೆಯ ಪದವನ್ನೇ ಚೀಟಿಯಲ್ಲಿ ಬರೆದು ಮುಂದಿಡಿ, ಉಳಿದದ್ದನ್ನು ಅವರೇ ಕೇಳುತ್ತಾರೆ.