ಸೇಂಟ್ ಮೇರೀಸ್ ದ್ವೀಪ: ದೋಣಿ ಹತ್ತುವ ಮುನ್ನ

ಮಲ್ಪೆಯ ಕಡಲ ಕಿನಾರೆಯಲ್ಲಿ ನಿಂತು ಪಡುವಣಕ್ಕೆ ಕಣ್ಣು ಹಾಯಿಸಿದರೆ ನೀರಿನ ಮೇಲೆ ತೆಂಗಿನ ಮರಗಳ ಒಂದು ಸಾಲು ಕಾಣಿಸುತ್ತದೆ. ಅದೇ ಸೇಂಟ್ ಮೇರೀಸ್ ದ್ವೀಪ. ಸ್ಥಳೀಯರ ಬಾಯಲ್ಲಿ ತೋನ್ಸೆಪಾರ್. ದಡದಿಂದ ಸುಮಾರು ಆರು ಕಿಲೋಮೀಟರ್ ದೂರ, ದೋಣಿಯಲ್ಲಿ ಹೆಚ್ಚೆಂದರೆ ಅರ್ಧ ಗಂಟೆಯ ಹಾದಿ. ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳು ಉಡುಪಿಗೆ ಸಾಲುಗಟ್ಟುತ್ತವೆ. ಬೆಳಿಗ್ಗೆ ಶ್ರೀಕೃಷ್ಣ ಮಠ, ಮಧ್ಯಾಹ್ನ ದ್ವೀಪ, ಸಂಜೆಗೆ ಮುರುಡೇಶ್ವರ ಎಂಬ ಓಟದಲ್ಲಿ ದ್ವೀಪಕ್ಕೆ ಸಿಗುವುದು ಒಂದು ಗಂಟೆ ಮಾತ್ರ. ಆ ಒಂದು ಗಂಟೆಯಲ್ಲಿ ಮಕ್ಕಳು ನೀರಿಗಿಳಿಯುತ್ತಾರೆ, ಫೋಟೋ ತೆಗೆಯುತ್ತಾರೆ, ವಾಪಸು ಬರುತ್ತಾರೆ. ನೋಡಲೇಬೇಕಾದದ್ದನ್ನು ನೋಡುವುದೇ ಇಲ್ಲ.

ನೋಡಬೇಕಾದದ್ದು ಅಲ್ಲಿನ ಕಲ್ಲು. ಐದು, ಆರು, ಏಳು ಮುಖಗಳ ಕಂಬಗಳನ್ನು ಯಾರೋ ಶಿಲ್ಪಿ ಕಡೆದು ಒತ್ತೊತ್ತಾಗಿ ನಿಲ್ಲಿಸಿದಂತೆ ತೋರುತ್ತದೆ. ಯಾವ ಉಳಿಯೂ ಇವನ್ನು ಮುಟ್ಟಿಲ್ಲ. ನೆಲದೊಳಗಿಂದ ಉಕ್ಕಿ ಬಂದ ಲಾವಾ ತಣ್ಣಗಾಗುವಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಬತ್ತಿದ ಕೆರೆಯ ಕೆಸರು ಬಿರಿಯುವುದನ್ನು ನೆನಪಿಸಿಕೊಂಡರೆ ಸಾಕು. ವ್ಯತ್ಯಾಸವಿಷ್ಟೆ: ಇಲ್ಲಿ ಬಿರುಕು ಮೇಲ್ಮೈಯಲ್ಲಿ ನಿಲ್ಲದೆ, ತಣಿಯುತ್ತಾ ಹೋದ ಲಾವಾದ ಆಳಕ್ಕೆ ಇಳಿಯಿತು. ಹಾಗಾಗಿ ಚೂರುಗಳ ಬದಲು ಕಂಬಗಳಾದವು. ಉತ್ತರ ಐರ್ಲೆಂಡಿನ ಪ್ರಸಿದ್ಧ ಜೈಂಟ್ಸ್ ಕಾಸ್‌ವೇ ಕೂಡ ಇದೇ ರೀತಿ ಆದದ್ದು.

ಈ ಕಲ್ಲನ್ನು ಬಸಾಲ್ಟ್ ಎಂದು ಹಲವೆಡೆ ಬರೆದಿರುತ್ತಾರೆ. ಶಿಲೆಯನ್ನು ಪರೀಕ್ಷಿಸಿದ ಭೂವಿಜ್ಞಾನಿಗಳು ಹೇಳುವುದು ಬೇರೆ. ಇದು ಸಿಲಿಕಾ ಹೆಚ್ಚಿರುವ ರಯೋಲೈಟ್, ರಯೋಡೇಸೈಟ್ ಜಾತಿಯ ಶಿಲೆ. ವಯಸ್ಸು ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಮಹಾರಾಷ್ಟ್ರವನ್ನೂ ನಮ್ಮ ಉತ್ತರದ ಜಿಲ್ಲೆಗಳ ಒಂದು ಭಾಗವನ್ನೂ ಹೊದ್ದಿರುವ ದಖನ್ ಲಾವಾ ಪದರಗಳಿಗೆ ಆರೂವರೆ ಕೋಟಿ ವರ್ಷದಷ್ಟು ವಯಸ್ಸು. ಅಂದರೆ ಮಲ್ಪೆಯ ಕಂಬಗಳು ಅವಕ್ಕಿಂತ ಎರಡು ಕೋಟಿ ವರ್ಷ ಹಿರಿಯವು. ಆಗ ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದವು. ಅವು ಬೇರೆಯಾಗುವ ಹೊತ್ತಿನ ಜ್ವಾಲಾಮುಖಿಯ ಕುರುಹೇ ಇದು ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಅದೇ ಕಾಲದ ಲಾವಾ ಮಡಗಾಸ್ಕರದಲ್ಲಿಯೂ ಸಿಕ್ಕಿದೆ. ಖಂಡಗಳ ಚಲನೆಯ ಪಾಠವನ್ನು ಭೂಪಟ ತೋರಿಸಿ ಮುಗಿಸುವ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಕರಿಹಲಗೆ ಎಲ್ಲಿ ಸಿಕ್ಕೀತು? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಕಲ್ಲು ಒಡೆಯುವುದು, ಚೂರನ್ನು ಚೀಲಕ್ಕೆ ಹಾಕಿಕೊಳ್ಳುವುದು ತಪ್ಪು. ಅಳತೆ ಪಟ್ಟಿ, ಪುಸ್ತಕ, ಪೆನ್ಸಿಲ್ ಒಯ್ದು ಎಷ್ಟು ಮುಖದ ಕಂಬಗಳು ಹೆಚ್ಚಿವೆ ಎಂದು ಮಕ್ಕಳಿಂದಲೇ ಎಣಿಸಿ ಬರೆಸಬಹುದು.

ಹೆಸರಿನ ಕಥೆ ಪೋರ್ಚುಗೀಸರದು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಶಿಲುಬೆ ನೆಟ್ಟು, ಮೇರಿ ಮಾತೆಯ ಹೆಸರಿಟ್ಟನೆಂಬುದು ಪ್ರತೀತಿ. ದ್ವೀಪ ಒಂದೇ ಅಲ್ಲ, ನಾಲ್ಕು ದೊಡ್ಡವಿವೆ. ಪ್ರವಾಸಿಗಳು ಇಳಿಯುವುದು ತೆಂಗಿನ ದ್ವೀಪದಲ್ಲಿ. ಉದ್ದ ಅರ್ಧ ಕಿಲೋಮೀಟರ್, ಅಗಲ ನೂರು ಮೀಟರಿನ ಆಸುಪಾಸು. ದಡದ ಕೆಲವೆಡೆ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಬರಿಗಾಲಲ್ಲಿ ಓಡಾಡುವುದು ಕಷ್ಟ.

ಯಾವಾಗ, ಹೇಗೆ

ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ದೋಣಿ ಸಂಚಾರವೇ ನಿಲ್ಲುತ್ತದೆ. ಸೆಪ್ಟೆಂಬರಿನಲ್ಲೂ ಸಮುದ್ರದ ಸ್ಥಿತಿ ನೋಡಿಯೇ ಬಿಡುವುದು. ಬೆಂಗಳೂರಿನಿಂದ ಉಡುಪಿಗೆ ಸುಮಾರು 400 ಕಿಲೋಮೀಟರ್, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ಕೊಂಕಣ ರೈಲಿನಲ್ಲಿ ಬಂದವರು ಇಂದ್ರಾಳಿಯ ನಿಲ್ದಾಣದಲ್ಲಿ ಇಳಿಯಬೇಕು. ಪೇಟೆಯಿಂದ ಮಲ್ಪೆಗೆ ಸಿಟಿ ಬಸ್ಸುಗಳಿಗೆ ಕೊರತೆಯಿಲ್ಲ. ದೋಣಿಯ ಟಿಕೆಟ್ ದರ ಆಗಾಗ ಬದಲಾಗುವುದರಿಂದ ಮುಂಚೆಯೇ ವಿಚಾರಿಸುವುದು ಮೇಲು. ಜನ ತುಂಬುವವರೆಗೆ ದೋಣಿ ಬಿಡದಿರುವುದೂ ಉಂಟು. ನಾಲ್ಕು ಜನರ ಕುಟುಂಬಕ್ಕೆ ಕೆಲಸದ ದಿನಗಳಲ್ಲಿ ಕಾಯುವ ತಾಳ್ಮೆ ಬೇಕು.

ಬೆಳಗಿನ ದೋಣಿಯೇ ಉತ್ತಮ. ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುತ್ತದೆ, ಬಿಸಿಲೂ ಏರುತ್ತದೆ. ತೆಂಗಿನ ನೆರಳು ಎಲ್ಲರಿಗೂ ಸಾಲದು. ವಾಂತಿಯ ಭಯವಿದ್ದವರು ಇಡ್ಲಿಯಂಥ ಹಗುರ ತಿಂಡಿ ತಿಂದು ದೋಣಿಯ ನಡುವೆ ಕುಳಿತು ದೂರದ ದಿಗಂತ ನೋಡುತ್ತಿರಬೇಕು. ಕುಡಿಯುವ ನೀರು, ಟೋಪಿ ಕೈಯಲ್ಲಿರಲಿ. ಶೌಚದ ಕೆಲಸ ಮಲ್ಪೆಯಲ್ಲೇ ಮುಗಿಸಿಕೊಳ್ಳುವುದು ಜಾಣತನ. ಪ್ಲಾಸ್ಟಿಕ್ ಬಾಟಲಿ ಒಯ್ದವರು ಅದನ್ನು ವಾಪಸು ತರಬೇಕು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು

ಈ ಭಾಗವನ್ನು ತಂದೆ ತಾಯಿಯರು ಓದಲೇಬೇಕು. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ನೀರುಪಾಲಾದರು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಪ್ರಾಣ ಕಳೆದುಕೊಂಡರು. ಬಯಲುಸೀಮೆಯ ಮಕ್ಕಳಿಗೆ ಕೆರೆ ಗೊತ್ತು, ಬಾವಿ ಗೊತ್ತು, ಕಡಲು ಗೊತ್ತಿಲ್ಲ. ಕೆರೆಯಲ್ಲಿ ಈಜು ಕಲಿತವನಿಗೂ ಹಿಂದಕ್ಕೆಳೆಯುವ ಅಲೆಯ ಅನುಭವವಿರುವುದಿಲ್ಲ. ದ್ವೀಪದ ಸುತ್ತ ನೀರಿನಡಿ ಬಂಡೆಗಳಿವೆ, ಪಾಚಿ ಕಟ್ಟಿದ ಕಲ್ಲು ಜಾರುತ್ತದೆ. ಇಳಿತದ ಹೊತ್ತಿಗೆ ಒಣಗಿದ್ದ ಬಂಡೆಯ ಸುತ್ತ ಉಬ್ಬರದಲ್ಲಿ ನೀರು ಆವರಿಸುತ್ತದೆ. ಇಳಿತಕ್ಕೂ ಉಬ್ಬರಕ್ಕೂ ಆರು ಗಂಟೆಯಷ್ಟೇ ಅಂತರ. ಫೋಟೋಕ್ಕಾಗಿ ಅಂಚಿನ ಕಂಬ ಏರುವುದಂತೂ ಕೂಡದು.

ಆದ್ದರಿಂದ ಶಾಲೆಯವರನ್ನು ಕೇಳಬೇಕಾದ ಪ್ರಶ್ನೆಗಳಿವೆ. ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರು? ನೀರಿಗಿಳಿಸುತ್ತೀರೋ ಇಲ್ಲವೋ? ಈಜು ಬಲ್ಲ ಹಿರಿಯರು ಜೊತೆಗಿದ್ದಾರೆಯೆ? ಕೇಳಿದರೆ ಮೇಷ್ಟ್ರು ಬೇಸರ ಮಾಡಿಕೊಂಡಾರೆಂದು ಸುಮ್ಮನಿರುವವರೇ ಹೆಚ್ಚು. ಬೇಸರವಾದರೆ ಆಗಲಿ. ದೋಣಿಯಲ್ಲಿ ಲೈಫ್ ಜಾಕೆಟ್ ಕೊಟ್ಟರೆ ಸಾಲದು, ಮಗುವಿನ ಅಳತೆಗೆ ಸರಿಯಾಗಿ ಬಿಗಿಯಾಗಿರಬೇಕು. ದೊಡ್ಡವರ ಜಾಕೆಟ್ ನೀರಿನಲ್ಲಿ ಮಗುವಿನ ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ.

ಇನ್ನೊಂದು ಮಾತು: ದ್ವೀಪದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಕೊನೆಯ ದೋಣಿ ಎಷ್ಟು ಗಂಟೆಗೆಂದು ಇಳಿಯುವಾಗಲೇ ದೋಣಿಯವರನ್ನು ಕೇಳಿಟ್ಟುಕೊಂಡು, ಅದಕ್ಕೆ ಮೊದಲಿನ ದೋಣಿಯಲ್ಲೇ, ತಲೆ ಎಣಿಸಿ, ಮರಳಿ ಹೊರಡಬೇಕು.