ಸ್ಯಾಂಕ್ಚುರಿಯೋ, ರಿಸರ್ವೋ?

ಯಳಂದೂರಿಂದ ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಬಿಳಿಗಿರಿರಂಗನ ಬೆಟ್ಟ ಹತ್ತೋರು ಈ ಕಾಡನ್ನ ಒಂದ್ಸಲ ಸ್ಯಾಂಕ್ಚುರಿ ಅಂತಾರೆ, ಇನ್ನೊಂದ್ಸಲ ಟೈಗರ್ ರಿಸರ್ವ್ ಅಂತಾರೆ. ಎರಡೂ ಒಂದೇನಾ? ಅಲ್ಲ.

ಸ್ಯಾಂಕ್ಚುರಿ ಅಂದ್ರೆ ಆಸರೆ, ಅಭಯ. ಮೊದಲು ಅದು ಚರ್ಚಿನ ಪವಿತ್ರ ಜಾಗದ ಹೆಸರು. ಹಿಂದೆ ಇಂಗ್ಲೆಂಡಲ್ಲಿ ಅಪರಾಧ ಮಾಡಿ ಓಡಿ ಬಂದೋನು ಚರ್ಚ್ ಹೊಕ್ಕರೆ, ಒಂದಷ್ಟು ದಿನ ಅವನನ್ನ ಹಿಡಿಯೋ ಹಾಗಿರಲಿಲ್ಲ! ನಮ್ಮ ಅಭಯಾರಣ್ಯ ಅನ್ನೋ ಪದದಲ್ಲೂ ಅದೇ ಭಾವ.

ರಿಸರ್ವ್ ಅಂದ್ರೆ ಇಂಥದ್ದಕ್ಕೇ ಅಂತ ತೆಗೆದಿಡೋದು. ಬಸ್ಸಲ್ಲಿ ಸೀಟು ರಿಸರ್ವ್ ಮಾಡ್ತೀವಲ್ಲ, ಹಾಗೆ. ಸೀಟನ್ನ ಸ್ಯಾಂಕ್ಚುರಿ ಮಾಡಕ್ಕಾಗಲ್ಲ ಬಿಡಿ.

ಕಾನೂನಲ್ಲೂ ಎರಡೂ ಬೇರೆ. ಈ ಕಾಡು ಸ್ಯಾಂಕ್ಚುರಿ ಆಗಿದ್ದು 1974ರಲ್ಲಿ, ಟೈಗರ್ ರಿಸರ್ವ್ ಆಗಿದ್ದು 2011ರಲ್ಲಿ. ರಿಸರ್ವ್ ಆಗ್ಬೇಕಂದ್ರೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಶಿಫಾರಸು ಬೇಕು. ನಡುವೆ ಕೋರ್, ಸುತ್ತ ಬಫರ್ ಅಂತ ಗೆರೆ ಬೀಳುತ್ತೆ. ಹಾಗಂತ ಹಳೇ ಹೆಸರು ಅಳಿಸಿಹೋಗಲ್ಲ, ಸ್ಯಾಂಕ್ಚುರಿ ಮೇಲೇ ರಿಸರ್ವ್ ಕೂರುತ್ತೆ.

ನನ್ನ ಕೇಳಿದ್ರೆ, ಎರಡೂ ಪದ ಪ್ರಾಣಿಯನ್ನ ಮಾತ್ರ ನೋಡ್ತವೆ. ಇಲ್ಲಿನ ಪೋಡುಗಳಲ್ಲಿ, ಅಂದ್ರೆ ಹಾಡಿಗಳಲ್ಲಿ, ಜೇನು, ನೆಲ್ಲಿಕಾಯಿ ನಂಬಿಕೊಂಡ ಆದಿವಾಸಿ ಸೋಲಿಗರು ಕಾಣಲ್ಲ. ಸ್ಯಾಂಕ್ಚುರಿ ನಿಯಮದ ಹೆಸರಲ್ಲಿ ಅವನ್ನ ಮಾರೋಕೆ ತರೋದಕ್ಕೂ ತಡೆ ಬಿದ್ದಿತ್ತು. ಆಮೇಲೆ 2006ರ ಅರಣ್ಯ ಹಕ್ಕು ಕಾಯ್ದೆ ಕೈಹಿಡೀತು. ರಿಸರ್ವ್ ಆದ 2011ರಲ್ಲೇ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ತು. ಟೈಗರ್ ರಿಸರ್ವ್ ಒಳಗೆ ಇಂಥ ಹಕ್ಕು ದೇಶದಲ್ಲೇ ಅದೇ ಮೊದಲು.